ಬಿಟ್ಟುಹೋದ ಹದಿನಾರು ಪುಟ

ಐವತ್ತೆರಡು ತುಂಬಿದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಹಾಗೆ ಕರೆಯುವವರು ಈಗ ಉಳಿದಿರುವುದೂ ಅಕ್ಕ ಒಬ್ಬಳೇ. ಬೇರೆಯವರಿಗೆಲ್ಲ ಪುಟ್ಟಿ ಎಂದರೆ 'ಮೇಡಂ'. ಅದಕ್ಕೂ ಹಿಂದೆ, ಇಪ್ಪತ್ತನಾಲ್ಕು ವರ್ಷ, ಅವಳು ಯಾರೂ ಅಲ್ಲ, ಬರೀ ಒಂದು ಧ್ವನಿ. ರೈಲು ನಿಲ್ದಾಣದ ಮೈಕಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎನ್ನುವ ಧ್ವನಿ. ಎರಡು ಗಂಟೆ ತಡವಾದ ಗಾಡಿಯ ಸುದ್ದಿಯನ್ನೂ ಅವಳು ಎಷ್ಟು ಅಕ್ಕರೆಯಿಂದ ಹೇಳುತ್ತಿದ್ದಳೆಂದರೆ, ಕಾಯುವವರ ಸಿಟ್ಟು ಅಲ್ಲೇ ಅರ್ಧ ಇಳಿಯುತ್ತಿತ್ತಂತೆ. ಆಮೇಲೆ ಕಂಪ್ಯೂಟರಿನ ಧ್ವನಿ ಬಂತು. ಅದಕ್ಕೆ ಗಂಟಲು ಕಟ್ಟುವುದಿಲ್ಲ, ರಜೆಯೂ ಬೇಡ. ಪುಟ್ಟಿ ಮನೆಗೆ ಬಂದಳು.

ಈಗ ಅವಳು ಪುಸ್ತಕಗಳನ್ನು ಓದುತ್ತಾಳೆ. ಕಿವಿಗೆ ವೈರು ಸಿಕ್ಕಿಸಿಕೊಂಡು ಪಾತ್ರೆ ತೊಳೆಯುವವರು, ಬಸ್ಸಿನಲ್ಲಿ ನೇತಾಡುವವರು, ನಿದ್ದೆ ಬಾರದವರು, ಇವರಿಗೆಲ್ಲ ಕೇಳಲೆಂದು. ಸ್ಟುಡಿಯೋ ಎಂಬುದು ದೊಡ್ಡ ಹೆಸರಾಯಿತು. ಮೂರನೇ ಮಹಡಿಯಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಅಂಟಿಕೊಂಡಂತೆ, ಗೋಡೆಗೆಲ್ಲ ಸ್ಪಂಜು ಬಡಿದ ಒಂದು ಗೂಡು. ಒಳಗೆ ಫ್ಯಾನು ಹಾಕುವಂತಿಲ್ಲ, ಬಳೆ ತೊಡುವಂತಿಲ್ಲ, ಹಸಿದ ಹೊಟ್ಟೆಯಲ್ಲಿ ಬರುವಂತಿಲ್ಲ. ಮೈಕಿಗೆ ಹೊಟ್ಟೆಯ ಗುಡುಗುಡು ಮೊದಲು ಕೇಳುತ್ತದೆ, ಮಾತು ಆಮೇಲೆ. ಓದುವಾಗ ತಪ್ಪಿದರೆ ಒಂದು ಚಪ್ಪಾಳೆ ಹೊಡೆದು ಆ ವಾಕ್ಯವನ್ನು ಮತ್ತೆ ಓದಬೇಕು. ಗಾಜಿನ ಆಚೆ ಕೂತ ರೆಕಾರ್ಡಿಂಗ್ ಹುಡುಗಿಗೆ ಪರದೆಯ ಮೇಲೆ ಚಪ್ಪಾಳೆ ಮುಳ್ಳಿನ ಹಾಗೆ ಎದ್ದು ಕಾಣುತ್ತದೆ. ಆಮೇಲೆ ಅವಳು ಮುಳ್ಳಿದ್ದಲ್ಲೆಲ್ಲ ಕತ್ತರಿಸಿ ಹೊಲಿಯುತ್ತಾಳೆ. ಪಕ್ಕದ ಕ್ಲಿನಿಕ್ಕಿನಲ್ಲಿ ಹಲ್ಲು ಕೊರೆಯುವ ಯಂತ್ರ ಶುರುವಾದರೆ ಇಬ್ಬರೂ ಸುಮ್ಮನೆ ಕೂತು ಕಾಯುತ್ತಾರೆ.

ಈ ತಿಂಗಳು ಬಂದ ಪುಸ್ತಕವನ್ನು ಪುಟ್ಟಿ ನೋಡಿದ ಕೂಡಲೇ ಗುರುತು ಹಿಡಿದಳು. ಹದಿನಾಲ್ಕನೇ ವಯಸ್ಸಿನಲ್ಲಿ ಅವಳ ತಲೆ ಕೆಡಿಸಿದ್ದ ಕಾದಂಬರಿ ಅದು. ಹೊಸ ಮುದ್ರಣ, ಹೊಳೆಯುವ ರಕ್ಷಾಪುಟ. ಅದೇ ಕಡಲಂಚಿನ ಬಂಗಲೆ, ಮುಚ್ಚಿದ ಬಡಗಣ ಕೋಣೆಗಳು, ಕಣ್ಣು ಮಂಜಾದ ಮುದುಕಿಗೆ ಪತ್ರ ಬರೆದುಕೊಡಲು ಬರುವ ಅನಾಥ ಹುಡುಗಿ. ಬಂಗಲೆಯ ಒಡೆಯನಿಗೆ ಪುಸ್ತಕದುದ್ದಕ್ಕೂ ಹೆಸರಿಲ್ಲ, ಅವನು ಬರೀ 'ಯಜಮಾನರು'. ಎತ್ತರದ ಆಳು, ಸುಕ್ಕು ಬಿದ್ದ ಹಣೆ, ವಾರಗಟ್ಟಲೆ ಯಾರೊಡನೆಯೂ ಮಾತಿಲ್ಲ. ಕಿಟಕಿಯ ಬಳಿ ನಿಲ್ಲುವುದೇ ಅವನ ಮುಖ್ಯ ಉದ್ಯೋಗ.

"ಮೇಡಂ, ಒಂದು ಮಾತು ಕೇಳ್ಲಾ?" ಎಂದಳು ರೆಕಾರ್ಡಿಂಗ್ ಹುಡುಗಿ, ಎರಡನೇ ದಿನ ಕೊರೆಯುವ ಯಂತ್ರ ನಿಲ್ಲಲೆಂದು ಕಾಯುತ್ತಿದ್ದಾಗ. "ಈ ಯಜಮಾನ ಯಾಕೆ ಯಾರ ಹತ್ರಾನೂ ಮಾತಾಡಲ್ಲ?"

"ಮನಸ್ಸಿನಲ್ಲಿ ಏನೋ ನೋವಿದೆ."

"ಹೌದಾ? ನಾನು ಹೊಟ್ಟೇಲಿ ಹುಣ್ಣಿರಬೇಕು ಅಂದ್ಕೊಂಡಿದ್ದೆ."

ಪುಟ್ಟಿ ನಕ್ಕಳು. ಆದರೆ ಒಳಗೆಲ್ಲೋ, ತನ್ನ ತವರಿನ ಕಡೆಯವರನ್ನು ಯಾರೋ ಆಡಿಕೊಂಡಂತೆ, ಚುರುಕ್ ಎಂದಿತು.

"ಅಲ್ಲ ಮೇಡಂ, ಬಿರುಗಾಳಿ ಬಂತು ಅಂತ ಅವಳನ್ನ ರೂಮಲ್ಲಿ ಹಾಕಿ ಬೀಗ ಹಾಕ್ತಾನಲ್ಲ. ಕಂಪ್ಲೇಂಟ್ ಕೊಡ್ಬೇಕು ಅದಕ್ಕೆ."

"ಅವಳ ರಕ್ಷಣೆಗೆ ಅಂತ ಹಾಕಿದ್ದು. ಆ ಕಾಲದಲ್ಲಿ ಅದೇ ಪ್ರೀತಿ."

"ಬೀಗ ಯಾವ ಕಾಲದಲ್ಲೂ ಬೀಗಾನೇ, ಮೇಡಂ."

ನಿಜ ಹೇಳಬೇಕೆಂದರೆ ಹುಡುಗಿಗಿಂತ ಮೊದಲೇ ಇದೆಲ್ಲ ಅವಳಿಗೆ ಅನ್ನಿಸಿತ್ತು. ಪುಟಗಳ ಅಂಚಿನಲ್ಲಿ ಉಸಿರು ಎಳೆಯುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕುತ್ತ ಹೋದಂತೆ, ಈ ಮಹಾಶಯನಿಗೆ ಯಾರಾದರೂ ಒಂದು ಕೆಲಸ ಕೊಡಬಾರದೇ, ಕಡೆಗೆ ಆ ಕಿಟಕಿಯನ್ನಾದರೂ ಒರೆಸಬಾರದೇ ಎಂದು ಸಿಟ್ಟು ಬಂದಿತ್ತು. ಆದರೆ ಮೈಕಿನ ಮುಂದೆ ಕೂತು ಅವನ ಮಾತು ಬಂದ ಕೂಡಲೇ, ಮುನ್ನೂರು ಪುಟದಲ್ಲಿ ಅವನು ಆಡುವುದೇ ಹನ್ನೆರಡು ಮಾತು, ಅವಳ ಧ್ವನಿ ತಾನಾಗಿ ಕೆಳಗಿಳಿದು, ಬೆಣ್ಣೆಯಾಗಿ, ಕರಗಿ ಹರಿಯುತ್ತಿತ್ತು.

"ನೀವು ಬಾಯಲ್ಲಿ ಹೇಳದಿದ್ರೂ ನನ್ನ ಮೀಟರಿಗೆ ಗೊತ್ತಾಗತ್ತೆ," ಎಂದಳು ಹುಡುಗಿ. "ನೋಡಿ, ಇಲ್ಲಿ ಗೆರೆ ಹೇಗೆ ಮೆತ್ತಗಾಗಿದೆ!"

ಮದುವೆಯಾಗದೆ ಉಳಿದ ಪುಟ್ಟಿಗೆ ಇದು ತಮಾಷೆಯ ವಿಷಯವಲ್ಲ. ಹುಡುಗಿಗೆ ಗೊತ್ತಿಲ್ಲದ್ದೇನೆಂದರೆ, ಈ ಒಂದೇ ಪುಸ್ತಕ ಅವಳ ಮನೆಯಲ್ಲಿ ಒಬ್ಬಳಿಗೆ ಮದುವೆ ಮಾಡಿಸಿತ್ತು, ಇನ್ನೊಬ್ಬಳಿಗೆ ತಪ್ಪಿಸಿತ್ತು. ಪುಟ್ಟಿಯನ್ನು ನೋಡಲು ಬಂದ ಗಂಡುಗಳೆಲ್ಲ ಒಳ್ಳೆಯವರೇ. ಆದರೆ ಒಬ್ಬ ತುಂಬ ಮಾತಾಡಿದ, ಇನ್ನೊಬ್ಬ ತುಂಬ ನಕ್ಕ, ಮತ್ತೊಬ್ಬ ಕಿಟಕಿಯ ಬಳಿ ಕುರ್ಚಿಯಿದ್ದರೂ ಫ್ಯಾನಿನ ಕೆಳಗೆ ಕೂತ. ಅಕ್ಕನಿಗೆ ಮಾತ್ರ ಸಾಕ್ಷಾತ್ ಯಜಮಾನರೇ ಸಿಕ್ಕಿದ್ದರು.

ಭಾವ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೇಲ್ವಿಚಾರಕರು. ಊರಾಚೆ ದಿಬ್ಬದ ಮೇಲೆ, ದೊಡ್ಡ ಟ್ಯಾಂಕಿನ ನೆರಳಲ್ಲಿ, ಒಂಟಿ ಕಲ್ಲಿನ ಕ್ವಾರ್ಟರ್ಸು. ಸುತ್ತ ಮುಳ್ಳುತಂತಿ, ಎತ್ತರದ ಗೇಟು, ಯಾವಾಗಲೂ ಗಾಳಿ, ಗೋಡೆಯೊಳಗಿಂದ ಬಂದಂತೆ ಪಂಪಿನ ಗುಂಯ್ ಸದ್ದು. ಹೆಣ್ಣು ನೋಡಲು ಬಂದ ದಿನ ಅವರು ಮುಕ್ಕಾಲು ಗಂಟೆ ಕಿಟಕಿಯಿಂದ ಹೊರಗೆ ನೋಡಿದ್ದು ಬಿಟ್ಟರೆ ತುಟಿ ಬಿಚ್ಚಲಿಲ್ಲ. ಅವರು ಹೋದ ಮೇಲೆ ಅಕ್ಕ ಅಡುಗೆಮನೆಯಲ್ಲಿ ಪುಟ್ಟಿಯ ಕೈ ಹಿಡಿದು, "ಅವರ ಹಣೆ ನೋಡಿದ್ಯೇನೇ?" ಎಂದಿದ್ದಳು. ಹಣೆ ನೋಡಿದ ಪುಟ್ಟಿಗೂ ಹೊಟ್ಟೆಕಿಚ್ಚಾಗಿತ್ತು.

ಮೂವತ್ತೊಂದು ವರ್ಷದ ಹಿಂದಿನ ಮಾತು ಅದು. ಅಕ್ಕ ಗಂಡನನ್ನು ಎಲ್ಲರಂತೆ 'ನಮ್ಮ ಯಜಮಾನ್ರು' ಎನ್ನುತ್ತಾಳೆ, ಪುಸ್ತಕದವನನ್ನೂ ಹಾಗೆಯೇ. ಅವಳು ಯಾವ ಯಜಮಾನರ ಮಾತಾಡುತ್ತಿದ್ದಾಳೆಂದು ಎಷ್ಟೋ ಸಲ ಪುಟ್ಟಿಗೆ ಅರ್ಧ ವಾಕ್ಯ ಮುಗಿದ ಮೇಲೇ ತಿಳಿಯುತ್ತಿತ್ತು. ಅವಳಿಗೇ ತಿಳಿಯುತ್ತಿತ್ತೋ ಇಲ್ಲವೋ.

ಸೋಮವಾರ ಅಕ್ಕ ಬಂದಳು. ಸೂಟ್‌ಕೇಸು ಬಾಗಿಲಲ್ಲಿಟ್ಟು, ಚಪ್ಪಲಿ ಬಿಡುವ ಮೊದಲೇ, "ಭಾನುವಾರ ಹತ್ತೂವರೆ ಬಸ್ಸಿಗೆ ಟಿಕೆಟ್ ಮಾಡಿಸ್ಕೊಂಡೇ ಬಂದಿದೀನಿ, ಇರು ಇರು ಅಂತ ಪೀಡಿಸ್ಬೇಡ" ಎಂದಳು. ಮೊದಲಿಗಿಂತ ಇಳಿದುಹೋಗಿದ್ದಳು. ಕತ್ತಿನ ಮೂಳೆ ಕಾಣುತ್ತಿತ್ತು. ಮಾತಾಡಲು ಬಾಯಿ ತೆರೆದವಳು ಮೊದಲೆರಡು ಪದಕ್ಕೆ ಕೆಮ್ಮಿದಳು. ಬಳಸದ ನಲ್ಲಿಯಲ್ಲಿ ನೀರು ಬರುವ ಮುಂಚೆ ಗಾಳಿ ಬರುತ್ತದಲ್ಲ, ಹಾಗೆ.

"ಎಷ್ಟು ದಿನ ಆಯ್ತು ಭಾವ ಮಾತಾಡಿ?"

"ಏಳು ತಿಂಗಳು."

"ಏನು ಮಾಡಿದ್ದೆ?"

"ಗುಡಿಸೋವಾಗ ಅವರ ಕುರ್ಚಿ ಈ ಕಿಟಕಿಯಿಂದ ಆ ಕಿಟಕಿ ಹತ್ರ ಇಟ್ಟೆ. ವಾಪಸ್ ಇಡೋಕೆ ಮರ್ತೆ."

ಪುಟ್ಟಿ ಅಕ್ಕನ ಮುಖ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ.

"ಹಾಗಂತ ನೋಡ್ಕೊಳ್ಳಲ್ಲ ಅಂತಲ್ಲ ಕಣೇ. ಏನು ಬೇಕಾದ್ರೂ ಸ್ಲೇಟಲ್ಲಿ ಬರೆದಿಡ್ತಾರೆ. ಪಂಪಿನ ಲೆಕ್ಕ ಬರೆಯೋ ಸ್ಲೇಟು ಇತ್ತಲ್ಲ, ಅದನ್ನ ಅಡುಗೆಮನೆ ಗೋಡೆಗೆ ಹಾಕಿದಾರೆ. 'ಟೀ, ಐದು ಗಂಟೆ.' 'ಬಿಳಿ ಅಂಗಿ.' ನನಗೆ ಜ್ವರ ಬಂದಾಗ ಮೂರು ದಿನವೂ ಬರೆದಿದ್ರು, 'ಮಾತ್ರೆ ಮೇಜಿನ ಮೇಲಿದೆ' ಅಂತ. ಅಕ್ಷರ ಎಷ್ಟು ದುಂಡಗೆ!" ಅಕ್ಕನ ಕಣ್ಣು ಹೊಳೆಯಿತು. "ಮನಸ್ಸಲ್ಲಿ ಏನೋ ಇದೆ ಪುಟ್ಟಿ ಅವರಿಗೆ. ಹೇಳೋಕೆ ಬರಲ್ಲ."

"ಏನೂ ಇಲ್ಲ ಅಕ್ಕ. ಒಳಗೆ ಹೋಗಿ ಹುಡುಕಿದ್ರೂ ಒಂದು ಕುರ್ಚಿ ಸಿಗತ್ತೆ ಅಷ್ಟೆ. ಇಲ್ಲೇ ಇರು ನನ್ನ ಜೊತೆ. ಒಂದು ರೂಮು ಖಾಲೀನೇ ಬಿದ್ದಿದೆ."

"ಈಗಲೇ ಪೀಡಿಸ್ಬೇಡ ಅಂದ್ನಲ್ಲ. ಒಂದಿನ ಹೇಳ್ತಾರೆ ನೋಡ್ತಿರು. ಕೊನೇಲಿ ಯಜಮಾನ್ರು ಹೇಳ್ಲಿಲ್ವಾ? ಮಂಡಿ ಊರಿ, 'ತಪ್ಪಾಯಿತು, ನನ್ನ ಮೌನ ನಿನ್ನನ್ನು ಸುಟ್ಟಿತು' ಅಂತ? ನಾಲ್ಕು ಪುಟ ಮಾತಾಡ್ಲಿಲ್ವಾ?"

ಇವರು ಪುಸ್ತಕದ ಯಜಮಾನರು ಎಂದು ಪುಟ್ಟಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಹೌದು, ಅವಳಿಗೂ ಚೆನ್ನಾಗಿ ನೆನಪಿತ್ತು. ರೆಕಾರ್ಡಿಂಗ್ ಹುಡುಗಿ ಏನೇ ಆಡಿಕೊಳ್ಳಲಿ, ಆ ಕೊನೆಯ ಅಧ್ಯಾಯ ಬರಲಿ, ಇವನೂ ಮನುಷ್ಯನೇ ಎಂದು ಅವಳಿಗೂ ಗೊತ್ತಾಗುತ್ತದೆ ಎಂದು ಪುಟ್ಟಿ ಒಳಗೊಳಗೇ ಕಾಯುತ್ತಿದ್ದದ್ದೂ ಅದಕ್ಕೇ. ಆ ನಾಲ್ಕು ಪುಟಗಳ ಬಲದಿಂದ ಅವಳು ಮಿಕ್ಕ ಮುನ್ನೂರನ್ನು ಕ್ಷಮಿಸಿದ್ದಳು.

ಬುಧವಾರ ಮಧ್ಯಾಹ್ನ ಕೊನೆಯ ಅಧ್ಯಾಯಕ್ಕೆ ಪೆನ್ಸಿಲ್ ಹಿಡಿದು ಕೂತಳು. ಬಿರುಗಾಳಿ, ಬೀಗ, ಬಡಗಣ ಕೋಣೆಯಲ್ಲಿ ಹುಡುಗಿ, ಬೆಳಗಿನ ಜಾವದ ಮಳೆ. ಯಜಮಾನರು ಬಾಗಿಲು ತೆರೆದರು. ಹೊಸ್ತಿಲಲ್ಲಿ ನಿಂತರು. ಪುಟ್ಟಿ ಪುಟ ತಿರುಗಿಸಿದಳು. ಅವರು ಇನ್ನೂ ನಿಂತೇ ಇದ್ದರು. ಹುಡುಗಿ ಅವರ ಕಣ್ಣುಗಳನ್ನು ನೋಡಿದಳು, ಅಲ್ಲಿ ಎಲ್ಲವೂ ಬರೆದಿತ್ತಂತೆ. "ನೀವು ಏನನ್ನೂ ಹೇಳಬೇಕಾಗಿಲ್ಲ," ಎಂದು ಓಡಿಹೋಗಿ ಎದೆಗೊರಗಿದಳು. ಆಮೇಲೆ ಹತ್ತು ಪುಟ ಕಡಲಿನ ವರ್ಣನೆ. ಆಮೇಲೆ ಮದುವೆ. ಸಮಾಪ್ತ.

ಪುಟ್ಟಿ ಹಿಂದೆ ಮುಂದೆ ತಿರುವಿದಳು. ಮಂಡಿ ಊರುವುದು ಎಲ್ಲೂ ಇರಲಿಲ್ಲ. ತಕ್ಷಣ ರೆಕಾರ್ಡಿಂಗ್ ಹುಡುಗಿಗೆ ಫೋನು ಮಾಡಿದಳು.

"ಪ್ರಕಾಶಕರಿಗೆ ಹೇಳಮ್ಮ, ಹೊಸ ಮುದ್ರಣದಲ್ಲಿ ಪುಟ ಬಿಟ್ಟುಹೋಗಿದೆ. ಮುಖ್ಯವಾದ ಭಾಗಾನೇ ಇಲ್ಲ."

"ಯಾವ ಪುಟ ಮೇಡಂ?"

"ಅವನು ತಪ್ಪಾಯಿತು ಅನ್ನೋದು."

ಹುಡುಗಿ ತನ್ನ ಪ್ರತಿ ತೆಗೆದು ನೋಡುವ ಸರಸರ ಕೇಳಿಸಿತು. "ಮೇಡಂ, ನಂಬರ್ ಸರಿಯಾಗಿದೆಯಲ್ಲ. ಇನ್ನೂರ ಎಂಬತ್ತೆಂಟು, ಎಂಬತ್ತೊಂಬತ್ತು, ತೊಂಬತ್ತು... ಒಂದೂ ಬಿಟ್ಟಿಲ್ಲ." ಆಮೇಲೆ ನಕ್ಕು, "ಆ ಮುಖಕ್ಕೆ ತಪ್ಪಾಯಿತು ಅನ್ನೋಕೆ ಬಂದಿದ್ರೆ ಕಾದಂಬರಿ ಹತ್ತೇ ಪುಟಕ್ಕೆ ಮುಗೀತಿತ್ತು," ಎಂದಳು.

ಎಂಬತ್ತೆಂಟು, ಎಂಬತ್ತೊಂಬತ್ತು. ಆ ಸಂಖ್ಯೆಗಳು ಪುಟ್ಟಿಯ ತಲೆಯಲ್ಲಿ ಎಲ್ಲೋ ಹೋಗಿ ತಗುಲಿದವು. ಫೋನು ಕೆಳಗಿಟ್ಟಳು.

ಹದಿನಾಲ್ಕರಲ್ಲಿ ಅವಳು ಓದಿದ್ದು ಅಮ್ಮನಿಗೆ ಹಳೇ ಪೇಪರಿನವನ ಗಂಟಿನಲ್ಲಿ ಸಿಕ್ಕಿದ್ದ ಪ್ರತಿ. ಅಕ್ಕನಿಗೆ ಆಗ ಹತ್ತೊಂಬತ್ತು. ಟೈಲರ್ ಅಂಗಡಿಯಿಂದ ಅಂಗಿಗಳನ್ನು ತಂದು ಮನೆಯಲ್ಲಿ ಕಾಜಾ ಹೊಲಿಯುತ್ತಿದ್ದಳು. ಕೈ, ಕಣ್ಣು ಎರಡೂ ಸೂಜಿಗೆ, ಕಿವಿ ಮಾತ್ರ ಬಿಡುವು. ಆದ್ದರಿಂದ ಪುಟ್ಟಿ ಓದಬೇಕು, ಅವಳು ಕೇಳಬೇಕು. ಅಕ್ಕ ಆ ಪುಸ್ತಕವನ್ನು ಕೈಯಲ್ಲಿ ಹಿಡಿದದ್ದೇ ಇಲ್ಲ. ಬಾಗಿಲು ತೆರೆದು ಯಜಮಾನರು ನಿಂತಲ್ಲಿಗೆ ಇನ್ನೂರ ಎಂಬತ್ತೆಂಟನೇ ಪುಟ ಮುಗಿದಿತ್ತು. ತಿರುಗಿಸಿದರೆ ಮತ್ತೆ ಇನ್ನೂರ ಎಪ್ಪತ್ತಮೂರು. ಬೈಂಡಿಂಗ್ ಮಾಡಿದವರು ಮಡಚಿದ ಹಾಳೆಗಳ ಒಂದು ಕಟ್ಟು, ಅಂದರೆ ಒಂದು ಫಾರಂ, ಎರಡು ಸಲ ಹೊಲಿದು ಇನ್ನೊಂದನ್ನು ಮರೆತಿದ್ದರು. ಹದಿನಾರು ಪುಟ ಇಲ್ಲ; ಅದಾದ ಮೇಲೆ ನೇರ ಮದುವೆ. ಪುಟ್ಟಿ ತಲೆಯೆತ್ತಿದಾಗ ಅಕ್ಕನ ಸೂಜಿ ಗಾಳಿಯಲ್ಲಿ ನಿಂತಿತ್ತು, ಕಣ್ಣು ತುಂಬಿತ್ತು, "ಓದೇ, ಏನಂದ್ರು ಓದೇ" ಎನ್ನುತ್ತಿದ್ದಳು. ಆ ಮುಖಕ್ಕೆ ಪುಟವಿಲ್ಲ ಎಂದು ಹೇಳುವ ಧೈರ್ಯ ಹದಿನಾಲ್ಕರ ಹುಡುಗಿಗೆ ಬರಲಿಲ್ಲ. ಎರಡನೇ ಸಲ ಬಂದ ಎಪ್ಪತ್ತಮೂರರ ಮೇಲೆ ಕಣ್ಣಿಟ್ಟುಕೊಂಡೇ ಅವಳು ಓದಿದಳು. ಯಜಮಾನರು ಮಂಡಿ ಊರಿದರು. ತಪ್ಪಾಯಿತು ಎಂದರು. ಯಾಕೆ ಮಾತಾಡಲಿಲ್ಲ ಎಂಬುದನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಅಕ್ಕ ಅತ್ತಳು. ಪುಟ್ಟಿಯೂ ಅತ್ತಳು. ಅಷ್ಟು ಚೆನ್ನಾಗಿ ಅತ್ತದ್ದರಿಂದಲೇ ಇರಬೇಕು, ಕೆಲವು ವರ್ಷಗಳಲ್ಲಿ ಅದು ತಾನು ಕಟ್ಟಿದ್ದು ಎಂಬುದೇ ಅವಳಿಗೆ ಮರೆತುಹೋಯಿತು.

ಅಂದರೆ, ಇಡೀ ಪುಸ್ತಕದಲ್ಲಿ ಆ ಗಂಡಸು ಆಡಿದ ಒಂದೇ ಒಂದು ಮನುಷ್ಯರ ಮಾತು ಎರಡು ಜಡೆ ಹಾಕಿಕೊಂಡಿದ್ದ ಪುಟ್ಟಿಯದು. ಅದನ್ನು ನಂಬಿಕೊಂಡು ಅಕ್ಕ ದಿಬ್ಬದ ಮೇಲಿನ ಮನೆಯಲ್ಲಿ ಮೂವತ್ತೊಂದು ವರ್ಷದಿಂದ ಪುಟ ತಿರುಗಿಸುತ್ತಿದ್ದಾಳೆ.

ಹೇಳಿಬಿಡಬೇಕೇ? ಹೇಳಿದರೆ ಅಕ್ಕ ಇಷ್ಟು ವರ್ಷ ಕಾಲೂರಿ ನಿಂತ ಹಲಗೆಯನ್ನೇ ಎಳೆದಂತೆ. ಹೇಳದಿದ್ದರೆ ಭಾನುವಾರ ತಾನೇ ಅವಳನ್ನು ಬಸ್ಸು ಹತ್ತಿಸಿದಂತೆ.

ಗುರುವಾರ ಸಂಜೆ ಅಕ್ಕ ಕಿಟಕಿಯ ಪರದೆಗೆ ಅಂಚು ಹೊಲಿಯುತ್ತಿದ್ದಳು. ಪುಟ್ಟಿ ಎದುರಿಗೆ ಕೂತು, ಮೈಕಿನ ಮುಂದೆ ಮಾಡುವಂತೆ ಒಮ್ಮೆ ಉಸಿರು ಎಳೆದುಕೊಂಡು, ಎಲ್ಲವನ್ನೂ ಹೇಳಿದಳು. ಫಾರಂ, ಎಪ್ಪತ್ತಮೂರು, ಎಂಬತ್ತೆಂಟು.

ಸೂಜಿ ನಿಂತಿತು.

"ಹದಿನಾರು ಪುಟಾನೂ?"

"ಹದಿನಾರೂ."

"ಮಂಡಿ ಊರಿದ್ದು?"

"ನಾನು."

"'ನನ್ನ ಮೌನ ನಿನ್ನನ್ನು ಸುಟ್ಟಿತು' ಅಂದಿದ್ದು?"

"ಅದೂ ನಾನೇ ಅಕ್ಕ."

"ಮಳೆ?"

"ಇಲ್ಲ, ಮಳೆ ಪುಸ್ತಕದ್ದೇ."

ಅಕ್ಕ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು. ಪರದೆಯನ್ನು ನಾಲ್ಕು ಮಡಿಕೆ ಮಾಡಿದಳು. ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಮಾತು ನಿಂತುಹೋಯಿತು.

ಶುಕ್ರವಾರ ಬೆಳಿಗ್ಗೆ ಪುಟ್ಟಿ ಟೀ ಕೊಟ್ಟರೆ ತೆಗೆದುಕೊಂಡಳು, ಕುಡಿದಳು, ಲೋಟ ತೊಳೆದಿಟ್ಟಳು. ಬಾಯಿ ಬಿಡಲಿಲ್ಲ. "ಅಕ್ಕ, ಬೈದಾದ್ರೂ ಬೈಯೇ" ಎಂದರೆ ಕಿಟಕಿಯ ಕಡೆ ಮುಖ ಮಾಡಿದಳು. ಕಲಿತದ್ದು ಯಾರಿಂದ ಎಂದು ಕೇಳಬೇಕಾಗಿಯೇ ಇರಲಿಲ್ಲ.

ಅವತ್ತೇ ಸ್ಟುಡಿಯೋದಲ್ಲಿ ಕೊನೆಯ ಅಧ್ಯಾಯ. "ನೀವು ಏನನ್ನೂ ಹೇಳಬೇಕಾಗಿಲ್ಲ" ಎನ್ನುವ ಸಾಲು ಬಂದಾಗ ಪುಟ್ಟಿ ಹಲ್ಲು ಕಡಿದು ಓದಿದಳು.

"ಮೇಡಂ, ಅವಳು ಅಪ್ಪಿಕೊಳ್ತಿದಾಳೆ, ನೀವು ಅವನ ಕತ್ತು ಹಿಚುಕೋ ಹಾಗೆ ಓದ್ತಿದೀರ."

ಚಪ್ಪಾಳೆ. ಎರಡನೇ ಸಲ ಏನೂ ಭಾವವಿಲ್ಲದೆ ಓದಿದಳು. ಐದನೇ ಪ್ಲಾಟ್‌ಫಾರ್ಮಿಗೆ ಗಾಡಿ ಬರುತ್ತಿದೆ ಎಂದು ಸಾರಿದಂತಾಯಿತು. ಮತ್ತೆ ಚಪ್ಪಾಳೆ. ಮೂರನೇ ಸಲ, ಬೆಳಗಿನಿಂದ ಮಾತಾಡದ ಅಕ್ಕನ ಬೆನ್ನು ಕಣ್ಣ ಮುಂದೆ ಬಂತು. ಆ ಬೆನ್ನಿಗೆ ಹೇಳುವಂತೆ, ಏನೂ ಹೇಳದಿದ್ದರೂ ಪರವಾಗಿಲ್ಲ, ತಿರುಗಿ ನೋಡಿದರೆ ಸಾಕು ಎನ್ನುವಂತೆ ಹೇಳಿದಳು. ಗಾಜಿನ ಆಚೆ ಹುಡುಗಿ ಕಿವಿಯ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

"ಇದು," ಎಂದಳು ಮೂಗೊರೆಸಿಕೊಳ್ಳುತ್ತ. "ಇದೇ ಇಡೋಣ. ಥೂ, ನನಗೂ ಒಂದು ಸಲ ಅವನು ಪಾಪ ಅನ್ನಿಸಿಬಿಡ್ತು."

ತಾನು ಈಗ ಎಷ್ಟು ಸಾವಿರ ಅಕ್ಕಂದಿರನ್ನು ಬಾಗಿಲಲ್ಲಿ ಕಾಯುತ್ತ ನಿಲ್ಲುವಂತೆ ಮಾಡಿದೆನೋ ಎಂದು ಪುಟ್ಟಿಗೆ ಅನ್ನಿಸಿತು. ಕೆಲಸ ಚೆನ್ನಾಗಿ ಆಯಿತೆಂಬ ಖುಷಿಯೂ ಆಯಿತು. ಎರಡನ್ನೂ ಹೊತ್ತುಕೊಂಡು ಮೆಟ್ಟಿಲಿಳಿದಳು.

ಶನಿವಾರದ ಹೊತ್ತಿಗೆ ಪುಟ್ಟಿಗೆ ತನ್ನ ಬಗ್ಗೆಯೇ ಗಾಬರಿಯಾಯಿತು. ಅವಳು ತುದಿಗಾಲಲ್ಲಿ ಓಡಾಡುತ್ತಿದ್ದಳು. ಅಕ್ಕ ಚಮಚ ಇಟ್ಟ ಸದ್ದಿನಲ್ಲಿ ಸಿಟ್ಟೆಷ್ಟು, ಬೇಸರವೆಷ್ಟು ಎಂದು ಅಳೆಯುತ್ತಿದ್ದಳು. ಅಕ್ಕನಿಗಿಷ್ಟವೆಂದು ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ ಹುರಿದಿಟ್ಟಳು. ಅಕ್ಕ ಎರಡನೇ ಸಲ ಬಡಿಸಿಕೊಂಡಾಗ ಎದೆ ಹಾರಿತು. ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕಳು. ಯಾವತ್ತೂ ಸಾಮಾನ್ಯ ಹೆಂಗಸಾಗಿದ್ದ ಅಕ್ಕ, ಮೊಣಕಾಲು ನೋವು, ಗ್ಯಾಸಿನ ತೊಂದರೆ, ಬಸ್ಸಿನ ಟೈಮು ಬಿಟ್ಟರೆ ಬೇರೆ ಮಾತಿಲ್ಲದ ಅಕ್ಕ, ಎರಡೇ ದಿನದ ಮೌನದಲ್ಲಿ ಆಳವಾದ, ಅರ್ಥವಾಗದ, ಸುಂದರವಾದ ವ್ಯಕ್ತಿಯಾಗಿಬಿಟ್ಟಿದ್ದಳು. ಅವಳ ಹಣೆಯಲ್ಲೂ ಸುಕ್ಕಿರುವುದು ಪುಟ್ಟಿಗೆ ಮೊದಲ ಸಲ ಕಂಡಿತು. ಇಷ್ಟೇನಾ ಇದರ ಗುಟ್ಟು ಎಂದುಕೊಂಡಳು. ಬಾಯಿ ಮುಚ್ಚಿಕೊಂಡರೆ ಸಾಕು, ಒಳಗಿರುವುದನ್ನೆಲ್ಲ ಎದುರಿಗಿರುವವರೇ ತುಂಬಿಕೊಡುತ್ತಾರೆ. ತಾನು ಹದಿನಾರು ಪುಟ ತುಂಬಿಕೊಟ್ಟಿದ್ದಳಲ್ಲ. ಅಕ್ಕ ಪಾಪ, ಅದಕ್ಕಿಂತ ಬಹಳ ತುಂಬಿದ್ದಳು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಕ್ಕ ಸೂಟ್‌ಕೇಸು ಹಜಾರಕ್ಕೆ ತಂದಿಟ್ಟು, ಅಡುಗೆಮನೆಯ ಮೇಜಿನ ಮುಂದೆ ಕೂತು, ಕೆಮ್ಮಿದಳು.

"ಓದು."

"ಏನನ್ನ?"

"ಅದೇ. ಪುಸ್ತಕದಲ್ಲಿ ಬರೆದಿರೋದು. ನೀನು ಕಟ್ಟಿದ್ದಲ್ಲ."

ಪುಟ್ಟಿ ಪುಸ್ತಕ ತಂದಳು. ಪೆನ್ಸಿಲ್ ಗುರುತು ಹಾಕಿದಲ್ಲೆಲ್ಲ ಉಸಿರು ತೆಗೆದುಕೊಂಡು, ಕರಗದೆ, ಕಡಿಯದೆ, ನೆಟ್ಟಗೆ ಓದಿದಳು. ಬಾಗಿಲು ತೆರೆಯಿತು. ನಿಂತರು. ಕಣ್ಣುಗಳಲ್ಲಿ ಎಲ್ಲವೂ ಬರೆದಿತ್ತು. ನೀವು ಏನನ್ನೂ ಹೇಳಬೇಕಾಗಿಲ್ಲ. ಕಡಲು.

ಅಕ್ಕ ಕಡಲಿನಲ್ಲಿ ಎರಡು ಪುಟ ಕಾದಳು. "ಆಮೇಲೆ?"

"ಆಮೇಲೆ ಮದುವೆ."

"ಅಷ್ಟೇನಾ?"

"ಅಷ್ಟೇ."

"ಕೇಳಲೂ ಇಲ್ವಾ ಅವಳು? ಯಾಕ್ರೀ ಬೀಗ ಹಾಕಿದ್ರಿ ಅಂತ?"

"ಕೇಳ್ಲಿಲ್ಲ."

"ಪೆದ್ದಿ," ಎಂದಳು ಅಕ್ಕ. ಮೇಜಿನ ಮೇಲೆ ಬಿದ್ದಿದ್ದ ಬಿಸ್ಕತ್ತಿನ ಚೂರುಗಳನ್ನು ಬೆರಳಿಂದ ಒಂದೆಡೆ ಗುಡ್ಡೆ ಮಾಡಿದಳು. "ನಾನೂ ಕೇಳಿಲ್ಲ ಪುಟ್ಟಿ. ಮೂವತ್ತೊಂದು ವರ್ಷದಲ್ಲಿ ಒಂದು ಸಲಾನೂ ಕೇಳಿಲ್ಲ. ಅವರಾಗೇ ಹೇಳೋ ಪುಟ ಬರತ್ತಲ್ಲ, ನಡುವೆ ಬಾಯಿ ಹಾಕಿದ್ರೆ ಕೆಟ್ಟುಹೋಗತ್ತೆ ಅಂತ. ಫೋನ್ ಕೊಡಿಲ್ಲಿ."

ಪುಟ್ಟಿ ಕೊಟ್ಟಳು. ಅಕ್ಕ ಸ್ಪೀಕರು ಒತ್ತಿ ಫೋನನ್ನು ಮೇಜಿನ ಮೇಲಿಟ್ಟಳು. ನಾಲ್ಕು ಸಲ ರಿಂಗಾಯಿತು. ಆ ಕಡೆ ಎತ್ತಿದರು. ಹಲೋ ಇಲ್ಲ, ಪಂಪಿನ ಗುಂಯ್.

"ನಾನು," ಎಂದಳು ಅಕ್ಕ. "ಹತ್ತೂವರೆ ಬಸ್ಸಿದೆ. ಅದಕ್ಕೆ ಮೊದಲು ಒಂದು ಕೇಳ್ಬೇಕಿತ್ತು. ಕುರ್ಚಿ ಸರಿಸಿದ್ದಕ್ಕೆ ಏಳು ತಿಂಗಳು ಯಾಕೆ ಮಾತು ಬಿಟ್ರಿ?"

ಗುಂಯ್.

"ತಪ್ಪಾಯಿತು ಅನ್ನಿ ಅಂತ ಕೇಳ್ತಿಲ್ಲ ನಾನು. ಮಂಡಿ ಗಿಂಡಿ ಊರೋದೇನೂ ಬೇಡ, ನಿಮಗೆ ವಾತ ಬೇರೆ. ಏನಾದ್ರೂ ಅನ್ನಿ. ಬಾ ಅನ್ನಿ, ಬರಬೇಡ ಅನ್ನಿ. ಒಂದು ಮಾತು, ಬಾಯಿಂದ. ಬಂದ್ಬಿಡ್ತೀನಿ."

ಎಷ್ಟಾದರೂ ಆ ಕ್ಷಣದಲ್ಲಿ ಪುಟ್ಟಿಯೂ, ಹಾಳು ಅಭ್ಯಾಸ, ಅವರು ಮಾತಾಡಲಿ ಎಂದೇ ಬೇಡಿಕೊಳ್ಳುತ್ತಿದ್ದಳು. ಆ ಕಡೆ ಹೆಜ್ಜೆಯ ಸದ್ದಾಯಿತು. ನಿಂತಿತು. ಆಮೇಲೆ ಸಣ್ಣಗೆ, ಆದರೆ ಸ್ಪಷ್ಟವಾಗಿ, ಕರಕರ ಎಂದು ಕೇಳಿಸಿತು. ಒಂದು ಗೀಟು, ಇನ್ನೊಂದು ಗೀಟು, ಒಂದು ಚುಕ್ಕೆ.

ಅಕ್ಕ ಮತ್ತು ತಂಗಿ ಒಬ್ಬರ ಮುಖ ಒಬ್ಬರು ನೋಡಿದರು.

"ಬರೀತಿದಾರೆ," ಎಂದಳು ಅಕ್ಕ ಪಿಸುಗುಟ್ಟಿ. "ಪುಟ್ಟಿ, ಫೋನಿನಲ್ಲಿ ಸ್ಲೇಟಿಗೆ ಬರೀತಿದಾರೆ ಕಣೇ!"

ಮೊದಲು ನಕ್ಕದ್ದು ಯಾರೋ ತಿಳಿಯಲಿಲ್ಲ. ಪುಟ್ಟಿ ಬಾಯಿಗೆ ಬಟ್ಟೆ ಒತ್ತಿಕೊಂಡಳು. ಅಕ್ಕ ಮೇಜಿಗೆ ಹಣೆಯಿಟ್ಟು ಭುಜ ಕುಲುಕಿಸಿದಳು, ಮುಖವೆತ್ತಿದಾಗ ಕಣ್ಣಿಂದ ನೀರು ಹರಿಯುತ್ತಿತ್ತು, ಅದರಲ್ಲಿ ನಗುವಿನದೆಷ್ಟು, ಬೇರೆಯದೆಷ್ಟು ಎಂದು ಹೇಳುವ ಹಾಗಿರಲಿಲ್ಲ. ಕರಕರ ಸದ್ದು ಮುಗಿಯುವವರೆಗೆ ಅವಳು ಮರ್ಯಾದೆಯಿಂದ ಕಾದಳು. ಆಮೇಲೆ, "ಓದೋಕಾಗ್ತಿಲ್ಲ ರೀ ಇಲ್ಲಿಂದ," ಎಂದು ಹೇಳಿ ಫೋನು ಇಟ್ಟಳು.

ಹತ್ತೂವರೆಗೆ ಅವಳು ಪುಟ್ಟಿಯ ಬೀರುವಿನ ಮುಂದೆ ನಿಂತಿದ್ದಳು. "ಇದೇನೇ ಇದು, ಬಟ್ಟೆ ಇಡೋ ರೀತೀನಾ? ಈ ಎರಡು ಅಂಕಣ ನನಗೆ ಬೇಕು. ಈ ಸ್ವೆಟರ್ ಯಾವ ಕಾಲದ್ದು? ಎಸಿ ಆಚೆ." ಬಟ್ಟೆ ಜೋಡಿಸುತ್ತ ಮಾತು ಶುರುಮಾಡಿದಳು. ಮದುವೆಯಾಗಿ ದಿಬ್ಬ ಹತ್ತಿದ ದಿನದಿಂದ. ಗೇಟಿನ ಚಿಲಕ ಹೇಗೆ ಬಿಗಿಯಾಗಿತ್ತು, ಮೊದಲ ಸಲ ಮಾತು ಬಿಟ್ಟಾಗ ಉಪ್ಪು ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ, ಎರಡನೇ ಸಲ ಯಾಕೆ, ದಿಬ್ಬದ ಕೆಳಗೆ ನೀರು ಬಿಡುವ ವಾಲ್ವ್‌ಮನ್ನನ ಹೆಂಡತಿ ಏನಂದಳು, ತಾನು ಏನನ್ನಬೇಕೆಂದಿದ್ದೆ, ಅನ್ನದೆ ಯಾಕೆ ನುಂಗಿಕೊಂಡೆ. ಊಟದ ಹೊತ್ತಿಗೆ ಮೊದಲನೇ ವರ್ಷ ಮುಗಿಯಿತು. ಪಾತ್ರೆ ತೊಳೆಯುವಾಗಲೂ ನಿಲ್ಲಿಸಲಿಲ್ಲ. ನಲ್ಲಿಯ ಸದ್ದಿಗೆ ಕೇಳಿಸುವುದಿಲ್ಲವೆಂದು ಧ್ವನಿ ಏರಿಸಿದಳು.

ಸಂಜೆ ಐದಕ್ಕೆ ಅವಳಿನ್ನೂ ಮೂರನೇ ವರ್ಷದಲ್ಲಿದ್ದಳು. ಪುಟ್ಟಿಯ ತಲೆ ಸಿಡಿಯುತ್ತಿತ್ತು. ಎರಡು ನಿಮಿಷ, ಬರೀ ಎರಡೇ ನಿಮಿಷ ಯಾರೂ ಮಾತಾಡದ ಕಡೆ ನಿಲ್ಲೋಣವೆಂದು ಮೆಲ್ಲಗೆ ಎದ್ದು ಬಾಲ್ಕನಿಯ ಬಾಗಿಲಿಗೆ ಕೈ ಹಾಕಿದಳು.

"ಎಲ್ಲಿಗೆ?" ಎಂದಳು ಅಕ್ಕ. "ಕೂತ್ಕೋ. ಇನ್ನೂ ಟ್ಯಾಂಕ್ ಒಡೆದ ಕತೇನೇ ಹೇಳಿಲ್ಲ ನಾನು."

ಪುಟ್ಟಿ ಕೂತಳು.